ಹೊಗೆಯ ಕಲ್ಲು, ಬೆಂಕಿಯ ಸುಣ್ಣ

ಧರ್ಮಪುರಿಯಿಂದ ಪೆನ್ನಾಗರಂ ದಾಟಿ 46 ಕಿಲೋಮೀಟರ್ ಸಾಗಿದರೆ ಹೊಗೇನಕಲ್. ಬಸ್ಸಿನಿಂದ ಇಳಿಯುತ್ತಲೇ ಮೀನು ಹುರಿಯುವ ವಾಸನೆ ಮೂಗಿಗೆ ಬಡಿಯುತ್ತದೆ. ಎಣ್ಣೆ ತಿಕ್ಕುವವರು ಕೈಬೀಸಿ ಕರೆಯುತ್ತಾರೆ. ಅಂಬಿಗರು ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ದೊಡ್ಡ ಆಮೆಗಳಂತೆ ನದಿಯ ಕಡೆ ನಡೆದಿರುತ್ತಾರೆ. ನಾನು ಮತ್ತು ಭೂವಿಜ್ಞಾನ ಓದಿದ ನನ್ನ ಗೆಳೆಯ ಒಂದು ಹರಿಗೋಲು ಹತ್ತಿದೆವು. ಬಂಡೆಗಳ ಇಕ್ಕಟ್ಟಿಗೆ ನುಗ್ಗುತ್ತಿದ್ದಂತೆ ಎರಡೂ ಕಡೆ ಕಪ್ಪು ಗೋಡೆಗಳು ಎದ್ದವು. ತಿರುವಿನಾಚೆ ಕಾವೇರಿ ಧುಮುಕುವ ಸದ್ದು. ಅದರ ಮೇಲೆ ಬಿಳಿ ಹೊಗೆ.

'ಎಲ್ರೂ ಕೇಳ್ತಾರೆ ಸಾರ್, ಹೊಗೆ ಕಾಣ್ತದೆ, ಬೆಂಕಿ ಎಲ್ಲಿ ಅಂತ,' ಎಂದು ಅಂಬಿಗ ಹುಟ್ಟು ಹಾಕುತ್ತಲೇ ನಕ್ಕ. ತಮಿಳಿನವರಿಗೆ ತಮಿಳು, ನಮಗೆ ಕನ್ನಡ. 'ಬೆಂಕಿ ಎಲ್ಲಿಂದ ಬರ್ಬೇಕು? ಬರೀ ನೀರು ಇದು.'

ಊರಿನ ಹೆಸರು ಅಚ್ಚ ಕನ್ನಡ: ಹೊಗೆಯ ಕಲ್ಲು. ನದಿಯ ಆಚೆ ದಡ ಇವತ್ತಿಗೂ ಚಾಮರಾಜನಗರ ಜಿಲ್ಲೆ. ಈಚೆಯ ದಡವೂ ಒಂದು ಕಾಲಕ್ಕೆ ನೊಳಂಬರ ಆಳ್ವಿಕೆಯಲ್ಲಿತ್ತು, ಧರ್ಮಪುರಿಯಲ್ಲಿ ಅವರ ಶಾಸನಗಳು ಸಿಕ್ಕಿವೆ. ಬಂಡೆಗೆ ಬಡಿದ ನೀರು ಹನಿಹನಿಯಾಗಿ ಮೇಲೆದ್ದು ಹೊಗೆಯಂತೆ ಕಾಣುವುದನ್ನು ನೋಡಿದ ಯಾರೋ ಹಳಬರು ಇಟ್ಟ ಹೆಸರಿದು. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಈ ಊರಿನಲ್ಲಿ ಸೋಲುತ್ತದೆ.

ಹಾಗೆಂದು ನಾನೂ ನಂಬಿದ್ದೆ. ಗೆಳೆಯ ಚೀಲದಿಂದ ಹಳೆಯ ದಿನಪತ್ರಿಕೆಯ ಪೊಟ್ಟಣ ತೆಗೆದ. ಒಳಗೆ ಮುಷ್ಟಿ ಗಾತ್ರದ ಮಾಸಲು ಬಿಳಿ ಕಲ್ಲು. ಅಲ್ಲಲ್ಲಿ ಹಸಿರು ಮಿಶ್ರಿತ ಕಪ್ಪು ಚುಕ್ಕೆ, ಬಿಸಿಲಿಗೆ ಹಿಡಿದರೆ ಹರಳು ಮಿನುಗುತ್ತಿತ್ತು. ಓದುವ ದಿನಗಳಲ್ಲಿ ಕ್ಷೇತ್ರ ಅಧ್ಯಯನಕ್ಕೆಂದು ಇಲ್ಲಿಗೆ ಬಂದಾಗ ಇದೇ ಸುತ್ತಿನ ಗುಡ್ಡದಲ್ಲಿ ಆಯ್ದದ್ದಂತೆ. ಅಂಬಿಗ ಒಮ್ಮೆ ನೋಡಿ, 'ಸುಣ್ಣಕಲ್ಲು,' ಎಂದ. ಗೆಳೆಯ ತಲೆಯಾಡಿಸಿದ. 'ಹೌದು, ಸುಣ್ಣವೇ. ಆದರೆ ಬೆಂಕಿಯ ಹೊಟ್ಟೆಯಲ್ಲಿ ಹುಟ್ಟಿದ ಸುಣ್ಣ.'

ಆ ಮಾತು ನಂಬುವಂಥದ್ದಲ್ಲ. ಜಗತ್ತಿನ ದೊಡ್ಡ ದೊಡ್ಡ ಭೂವಿಜ್ಞಾನಿಗಳೇ ಹಲವು ದಶಕ ಅದನ್ನು ನಂಬಿರಲಿಲ್ಲ. ಅವರು ನಂಬಬೇಕಾದರೆ ಯಾರಾದರೂ ಒಬ್ಬರು ಉರಿಯುವ ಬೆಟ್ಟದ ತುದಿ ಹತ್ತಿ ಕಣ್ಣಾರೆ ನೋಡಿ ಬರಬೇಕಾಗಿತ್ತು.

ಸುಣ್ಣ ಕರಗುವುದಿಲ್ಲ

ಸುಣ್ಣದ ಜನ್ಮವೃತ್ತಾಂತ ನಮಗೆಲ್ಲ ಗೊತ್ತು. ಎಲೆಯಡಿಕೆಗೆ ಸವರುವ ಸುಣ್ಣ ಕಪ್ಪೆಚಿಪ್ಪು ಸುಟ್ಟಿದ್ದು. ಗೋಡೆಗೆ ಬಳಿಯುವ ಸುಣ್ಣ ಸುಣ್ಣಕಲ್ಲು ಸುಟ್ಟಿದ್ದು. ಆ ಸುಣ್ಣಕಲ್ಲೂ ಬಹುಪಾಲು ಹಳೆಯ ಸಮುದ್ರಗಳ ತಳದಲ್ಲಿ ಕೂತ ಚಿಪ್ಪು, ಹವಳ, ಕೆಸರು. ಅಂದರೆ ಸುಣ್ಣ ನೀರಿನ ಕೂಸು. ಬೆಂಕಿಯೊಂದಿಗೆ ಅದರ ಸಂಬಂಧ ಗೂಡಿನಲ್ಲಿ ಸುಡುವಾಗ ಮಾತ್ರ.

ಸುಟ್ಟರೂ ಅದು ಕರಗುವುದಿಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಡುಸುಣ್ಣದ ಹೆಂಟೆ ಉಳಿಯುತ್ತದೆ. ಗೂಡು ಇಟ್ಟವರಾರೂ ಸುಣ್ಣಕಲ್ಲು ಬೆಲ್ಲದ ಪಾಕದಂತೆ ಹರಿದದ್ದನ್ನು ನೋಡಿಲ್ಲ. ಹೀಗಿರುವಾಗ ಭೂಮಿಯ ಆಳದಿಂದ ಸುಣ್ಣದ ಪಾಕ ಉಕ್ಕಿ ಬಂತು ಎಂದರೆ ಯಾರು ಕೇಳುತ್ತಾರೆ?

ನಾರ್ವೆಯ ಡಬ್ಲ್ಯು. ಸಿ. ಬ್ರೋಗರ್ 1921ರಲ್ಲಿ ಹಾಗೆಂದೇ ಬರೆದರು. ಅವರ ದೇಶದ ಫೆನ್ ಎಂಬಲ್ಲಿ ಸುಣ್ಣದಂಥ ಕಲ್ಲು ಸುತ್ತಲಿನ ಬಂಡೆಗಳನ್ನು ಸೀಳಿಕೊಂಡು ಒಳನುಗ್ಗಿತ್ತು. ಸಮುದ್ರ ತಳದ ಕೆಸರು ಪದರ ಪದರವಾಗಿ ಕೂರುತ್ತದೆಯೇ ಹೊರತು ಬಂಡೆ ಸೀಳುವುದಿಲ್ಲ. ಸೀಳುವುದು ಶಿಲಾಪಾಕದ ಸ್ವಭಾವ. ಅದಕ್ಕೇ ಬ್ರೋಗರ್ ಆ ಕಲ್ಲಿಗೆ ಕಾರ್ಬೊನಟೈಟ್ ಎಂದು ಹೆಸರಿಟ್ಟರು. ಅಮೆರಿಕದ ಎನ್. ಎಲ್. ಬೋವೆನ್ ಒಪ್ಪಲಿಲ್ಲ. ಬಿಸಿನೀರು ಹಳೆಯ ಕಲ್ಲನ್ನು ತಿಂದು ಆ ಜಾಗದಲ್ಲಿ ಸುಣ್ಣ ತುಂಬಿದೆ ಎಂಬುದು ಅವರ ವಾದ. ಆರ್. ಎ. ಡೇಲಿಯವರ ಪ್ರಕಾರ ಬೇರೆ ಶಿಲಾಪಾಕ ಮೇಲೇರುವಾಗ ದಾರಿಯಲ್ಲಿದ್ದ ಸಾಧಾರಣ ಸುಣ್ಣಕಲ್ಲನ್ನು ನುಂಗಿಕೊಂಡು ಬಂದಿತ್ತು. ಇಬ್ಬರೂ ತಮ್ಮ ಕಾಲದ ದಿಗ್ಗಜರು. ಬ್ರೋಗರ್ ಅವರ ಮಾತು ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿದ್ದು ಒಂದು ಬಗೆಯ ಕುಕ್ಕರ್. ಸುಣ್ಣದ ಗೂಡಿಗೆ ಮುಚ್ಚಳವಿಲ್ಲ, ಅನಿಲ ಆರಾಮಾಗಿ ಹಾರಿಹೋಗುತ್ತದೆ. ಭೂಮಿಯ ಆಳದಲ್ಲಿ ಹಾಗಲ್ಲ, ಮೇಲೆ ಕಿಲೋಮೀಟರುಗಟ್ಟಲೆ ಬಂಡೆಯ ಭಾರ. ಪೀಟರ್ ವೈಲಿ ಮತ್ತು ಒ. ಎಫ್. ಟಟಲ್ ಗಟ್ಟಿಮುಟ್ಟಾದ ಪಾತ್ರೆಯೊಳಗೆ ಆ ಒತ್ತಡವನ್ನೇ ಹುಟ್ಟಿಸಿ, ಸ್ವಲ್ಪ ನೀರನ್ನೂ ಸೇರಿಸಿ ಸುಣ್ಣದ ಹರಳನ್ನು ಕಾಯಿಸಿದರು. ಸುಮಾರು 650 ಡಿಗ್ರಿಗೇ ಅದು ಕರಗಿತು. 1960ರಲ್ಲಿ ಈ ಫಲಿತಾಂಶ ವಿವರವಾಗಿ ಅಚ್ಚಾಯಿತು. ಸುಣ್ಣದ ಪಾಕ ಸಾಧ್ಯ ಎಂಬುದು ಪ್ರಯೋಗಶಾಲೆಯಲ್ಲಿ ಖಚಿತವಾಯಿತು. ಆದರೆ ಪ್ರಕೃತಿ ನಿಜಕ್ಕೂ ಅದನ್ನು ಮಾಡುತ್ತದೆಯೇ? ಉತ್ತರ ಅದೇ ವರ್ಷ ಪೂರ್ವ ಆಫ್ರಿಕದ ಒಂದು ಬೆಟ್ಟದ ತುದಿಯಲ್ಲಿ ಸಿಕ್ಕಿತು.

ದೇವರ ಬೆಟ್ಟ ಹತ್ತುವುದು

ಹೊಗೇನಕಲ್ಲಿನಿಂದ ಕಾವೇರಿಯ ಆಚೆ ಕಣ್ಣು ಹಾಯಿಸಿದರೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳ ಸಾಲು. ದೇವರು ಬೆಟ್ಟದ ಮೇಲಿರುತ್ತಾನೆ ಎಂಬ ನಂಬಿಕೆ ನಮಗೆ ಹೊಸದಲ್ಲ. ತಾಂಜಾನಿಯದ ಉತ್ತರದಲ್ಲಿ, ನೇಟ್ರಾನ್ ಸರೋವರದ ಪಕ್ಕ, ಮಸಾಯಿ ಜನರಿಗೂ ಅಂಥದೊಂದು ಬೆಟ್ಟವಿದೆ: ಓಲ್ ಡೊಯಿನ್ಯೊ ಲೆಂಗಾಯ್, ಅಂದರೆ ದೇವರ ಬೆಟ್ಟ. ಎತ್ತರ 2,962 ಮೀಟರ್. ಆಗಾಗ ಉಕ್ಕುವ ಜೀವಂತ ಜ್ವಾಲಾಮುಖಿ.

ಇದನ್ನು ಹತ್ತುವವರು ಎಂಗಾರೆ ಸೇರೊ ಹಳ್ಳಿಯ ಕಡೆಯಿಂದ ನಡುರಾತ್ರಿಯ ಹೊತ್ತಿಗೆ ಹೊರಡುತ್ತಾರೆ. ಹಗಲಿನಲ್ಲಿ ಆ ಬಯಲು ಕಾದ ಹಂಚು, ದಾರಿಯಲ್ಲಿ ನೀರಿಲ್ಲ, ನೆರಳಿಲ್ಲ. ಮೊದಲು ಹುಲ್ಲು, ಆಮೇಲೆ ಬೂದಿ. ಬೂದಿಯ ಮೇಲೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೇಲೇರಿದಂತೆ ಇಳಿಜಾರು ಮನೆಯ ಮಾಡಿಗಿಂತ ಕಡಿದಾಗುತ್ತದೆ, ಕೈಯೂರಿಯೇ ಸಾಗಬೇಕು. ಐದಾರು ಗಂಟೆ ಹೀಗೆ ತೆವಳಿದ ಮೇಲೆ ಮೂಡಲು ಕೆಂಪಾಗುವಾಗ ಬೆಟ್ಟದ ಬಾಯಿ.

ಬ್ರಿಟಿಷ್ ಭೂವಿಜ್ಞಾನಿ ಜೆ. ಬಿ. ಡಾಸನ್ 1960ರಲ್ಲಿ ಈ ಬಾಯಿಯೊಳಗೆ ಕಂಡದ್ದು ಯಾವ ಜ್ವಾಲಾಮುಖಿಯ ಚಿತ್ರಕ್ಕೂ ಹೊಂದುವಂತಿರಲಿಲ್ಲ. ಕೆಂಪು ಹೊಳೆ ಇಲ್ಲ, ಕೆಂಡದ ಬೆಳಕಿಲ್ಲ. ಹಗಲು ಹೊತ್ತಿನಲ್ಲಿ ಕಪ್ಪು ಕೆಸರಿನಂಥ, ಎಂಜಿನ್ ಎಣ್ಣೆಯಂಥ ದ್ರವ ಗುಳುಗುಳು ಎನ್ನುತ್ತ ಹರಿಯುತ್ತಿತ್ತು. ಕತ್ತಲಲ್ಲಿ ಮಾತ್ರ ಮಂಕು ಕೆಂಪು. ತಣಿದ ಲಾವಾ ಗಾಳಿಯ ತೇವ ಕುಡಿದು ಕೆಲವು ಗಂಟೆಗಳಲ್ಲೇ ಬೂದು, ಆಮೇಲೆ ಬಿಳಿ. ದೂರದಿಂದ ನೋಡಿದವರಿಗೆ ಬೆಟ್ಟದ ತಲೆಯ ಮೇಲೆ ಹಿಮ ಬಿದ್ದಂತೆ ಕಾಣುತ್ತದೆ. ಡಾಸನ್ ಕಲ್ಲನ್ನು ಪರೀಕ್ಷಿಸಿ 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು: ಈ ಲಾವಾದ ಮುಖ್ಯ ಸರಕು ಸೋಡಿಯಂ ಕಾರ್ಬೊನೇಟ್.

ಸೋಡಿಯಂ ಕಾರ್ಬೊನೇಟ್ ಎಂದರೆ ಬಟ್ಟೆ ಒಗೆಯುವ ಸೋಡಾ. ನಮ್ಮ ಅಗಸರು ಸೌಳು ಮಣ್ಣಿನಿಂದ ಬಸಿದುಕೊಳ್ಳುತ್ತಿದ್ದದ್ದೂ ಬಹುತೇಕ ಅದನ್ನೇ. ಲೆಂಗಾಯ್ ಉಗುಳುವುದು ಕರಗಿದ ಅಗಸರ ಸೋಡಾ! ಹವಾಯಿಯ ಬೆಸಾಲ್ಟ್ ಲಾವಾ 1,100 ಡಿಗ್ರಿಗೂ ಹೆಚ್ಚು ಬಿಸಿ. ಇದು 500ರಿಂದ 600 ಡಿಗ್ರಿ, ಅಷ್ಟೇ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಕರಗಲು 660 ಡಿಗ್ರಿ ಬೇಕು. ಅಂದರೆ ಈ ಲಾವಾವನ್ನು ಅಲ್ಯೂಮಿನಿಯಂ ಸೌಟಿನಲ್ಲಿ ಮೊಗೆದರೂ ಸೌಟು ಕರಗದು, ಕೈ ಮಾತ್ರ ಉಳಿಯದು. ಈ ಲಾವಾದ ಎರಡು ಖನಿಜಗಳಿಗೆ ನಯೆರೆರೈಟ್, ಗ್ರೆಗೊರೈಟ್ ಎಂದು ಹೆಸರು. ಮೊದಲನೆಯದು ತಾಂಜಾನಿಯದ ಮೊದಲ ಅಧ್ಯಕ್ಷ ಜೂಲಿಯಸ್ ನಯೆರೆರೆ ಅವರ ನೆನಪಿಗೆ, ಎರಡನೆಯದು ಆಫ್ರಿಕದ ಬಿರುಕು ಕಣಿವೆಯನ್ನು ಅಧ್ಯಯನ ಮಾಡಿದ ಜೆ. ಡಬ್ಲ್ಯು. ಗ್ರೆಗರಿ ಅವರ ನೆನಪಿಗೆ.

ಜಗತ್ತಿನಲ್ಲಿ ಇವತ್ತು ಕಾರ್ಬೊನಟೈಟ್ ಲಾವಾ ಉಗುಳುವ ಜ್ವಾಲಾಮುಖಿ ಇದೊಂದೇ. 1983ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅದು ಸೌಮ್ಯವಾಗಿ ಉಕ್ಕುತ್ತಿತ್ತು. ಹತ್ತಿದವರು ಬಾಯಿಯೊಳಗಿನ ಬಿಳಿ ನೆಲದ ಮೇಲೆ, ಹುತ್ತಗಳಂತೆ ಎದ್ದ ಲಾವಾ ಗೋಪುರಗಳ ನಡುವೆ ಓಡಾಡುತ್ತಿದ್ದರು. 1998ರಲ್ಲಿ ಬಾಯಿ ತುಂಬಿ ಲಾವಾ ಅಂಚಿನಾಚೆ ಹರಿಯಿತು. 2007ರ ಸೆಪ್ಟೆಂಬರಿನಲ್ಲಿ ಬೆಟ್ಟ ಸೌಮ್ಯತೆ ಬಿಟ್ಟು ಸಿಡಿಯಿತು. ಆ ನೆಲ, ಆ ಹುತ್ತಗಳೆಲ್ಲ ಬೂದಿಯಾಗಿ ಹಾರಿ ಅಲ್ಲೊಂದು ಆಳದ ಕುಳಿ ಉಳಿಯಿತು. ಈಗ ಹತ್ತುವವರು ಅಂಚಿನಲ್ಲಿ ನಿಂತು ಇಣುಕುತ್ತಾರೆ.

ತುದಿಯಲ್ಲಿ ನಿಂತವರ ಪಾಡು

ಜ್ವಾಲಾಮುಖಿ ಹತ್ತುವವರು ಲಾವಾಕ್ಕೆ ಹೆದರುತ್ತಾರೆ. ಹೆದರಬೇಕಾದ್ದು ನೀರಿಗೆ ಮತ್ತು ಗಾಳಿಗೆ.

ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಬೆಟ್ಟದೊಳಗೆ ಇಂಗಿದ ಮಳೆನೀರು ಬಿಸಿ ಬಂಡೆಯ ನಡುವೆ ಸಿಕ್ಕಿ ಕುದಿಯುತ್ತಿರುತ್ತದೆ. ಮುಚ್ಚಳವಾಗಿದ್ದ ಕಲ್ಲು ಒಂದು ಕಡೆ ಸಡಿಲವಾದರೂ ಸಾಕು, ನೀರೆಲ್ಲ ಕ್ಷಣದಲ್ಲಿ ಆವಿಯಾಗಿ ಬೆಟ್ಟದ ನೆತ್ತಿಯನ್ನೇ ಸಿಡಿಸುತ್ತದೆ. ಶಿಲಾಪಾಕ ಮೇಲೇರುವಾಗ ನೆಲ ನಡುಗುತ್ತದೆ, ಉಬ್ಬುತ್ತದೆ, ಯಂತ್ರಗಳಿಗೆ ಸುಳಿವು ಸಿಗುತ್ತದೆ. ಆವಿಯ ಸ್ಫೋಟ ಅಂಥ ಸೂಚನೆಯನ್ನು ಕೊಟ್ಟೀತೆಂದು ನಂಬುವಂತಿಲ್ಲ. ಜಪಾನಿನ ಓಂಟಾಕೆಯಲ್ಲಿ 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಬಣ್ಣ ತಿರುಗುವ ಕಾಲ, ಚಾರಣಿಗರು ತುದಿ ಸೇರಿದ್ದ ಮಧ್ಯಾಹ್ನದ ಹೊತ್ತು. 63 ಜನ ಸತ್ತರು ಇಲ್ಲವೇ ಕಾಣೆಯಾದರು. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರಿನಲ್ಲಿ 22 ಜನ ಹೋದರು. ಇಂಡೊನೇಷ್ಯದ ಮರಾಪಿ 2023ರ ಡಿಸೆಂಬರಿನಲ್ಲಿ ಸಿಡಿದಾಗ ಸತ್ತ 24 ಜನರೂ ಬೆಟ್ಟ ಹತ್ತಲು ಹೋದವರೇ. ಬಲ್ಲವರಿಗೂ ರಿಯಾಯಿತಿಯಿಲ್ಲ: 1993ರಲ್ಲಿ ಕೊಲಂಬಿಯದ ಗಲೇರಾಸ್ ಸಿಡಿದಾಗ ಬಾಯಿಯಲ್ಲಿದ್ದವರು ಜ್ವಾಲಾಮುಖಿ ತಜ್ಞರು. ಆರು ವಿಜ್ಞಾನಿಗಳು, ಮೂವರು ಪ್ರವಾಸಿಗರು ತೀರಿಕೊಂಡರು.

ಇನ್ನು ಗಾಳಿ. ಗಂಧಕದ ಅನಿಲಗಳು ಮೂಗು ಚುಚ್ಚಿ ಎಚ್ಚರಿಸುತ್ತವೆ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. 1986ರಲ್ಲಿ ಕ್ಯಾಮೆರೂನಿನ ನ್ಯೋಸ್ ಎಂಬ ಜ್ವಾಲಾಮುಖಿ ಕೆರೆಯಿಂದ ಒಂದೇ ರಾತ್ರಿ ಉಕ್ಕಿದ ಈ ಅನಿಲ ಕಣಿವೆಗಿಳಿದು ಸುಮಾರು 1,700 ಜನರನ್ನು ಮಲಗಿದಲ್ಲೇ ಕೊಂದಿತು. ಜ್ವಾಲಾಮುಖಿಯ ತುದಿಯಲ್ಲಿ ದಣಿದರೂ ಹಳ್ಳದಲ್ಲಿ ಕೂರಬಾರದು, ಗಾಳಿಗೆ ಬೆನ್ನು ಕೊಡುವ ದಿಬ್ಬದಲ್ಲಿ ಕೂರಬೇಕು ಎನ್ನುವುದು ಅದಕ್ಕೇ. ಈ ಅನಿಲದ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯ ನಿಜವಾದ ನಾಯಕ ಅದೇ.

ಭಾರತದಲ್ಲಿ ಹತ್ತಲು ಜೀವಂತ ಜ್ವಾಲಾಮುಖಿ ಇದೆಯೇ? ಇರುವುದೊಂದು, ಅಂಡಮಾನಿನ ಬ್ಯಾರನ್ ದ್ವೀಪ. ಕೇವಲ 354 ಮೀಟರ್ ಎತ್ತರ. ದೀರ್ಘ ನಿದ್ರೆಯಿಂದ 1991ರಲ್ಲಿ ಎದ್ದು ಆಗಾಗ ಉಗುಳುತ್ತಿದೆ. ಪ್ರವಾಸಿಗರಿಗೆ ಅಲ್ಲಿ ಇಳಿಯಲು ಅನುಮತಿಯಿಲ್ಲ, ಹಡಗಿನಿಂದ ನೋಡಿ ಬರಬೇಕು. ಆರಿಹೋದವು ಮಾತ್ರ ನಮ್ಮ ಮನೆಯಂಗಳದಲ್ಲೇ ಇವೆ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಲಾವಾ. ಚಿತ್ರದುರ್ಗದ ಬಳಿ ಮರಡಿಹಳ್ಳಿಯ ದಿಂಬುಗಲ್ಲುಗಳು ನೀರಿನೊಳಗೆ ಉಕ್ಕಿ ತಣಿದ ಲಾವಾ. ಇವೆಲ್ಲ ನೆಲದ ಮೇಲೆ ಅಥವಾ ಸಮುದ್ರ ತಳದ ಮೇಲೆ ಹೊರಬಂದ ಪಾಕ. ಧರ್ಮಪುರಿ ಮತ್ತು ಸೇಲಂ ಸೀಮೆಯದು ಬೇರೆಯೇ ವ್ಯವಹಾರ. ಇಲ್ಲಿ ಉಳಿದಿರುವುದು ಪಾಕ ಏರಿ ಬಂದ ದಾರಿಗಳು.

ನೆತ್ತಿಯಿಲ್ಲದ ಬೆಟ್ಟಗಳ ಸಾಲು

ಈ ಸೀಮೆಯ ಭೂಪಟದ ಮೇಲೆ ನೈಋತ್ಯದ ಭವಾನಿಯ ಕಡೆಯಿಂದ ಈಶಾನ್ಯದ ಗುಡಿಯಾತ್ತಂ ಕಡೆಗೆ ಗೆರೆಯೊಂದನ್ನು ಎಳೆಯಿರಿ. ಉದ್ದ ಸುಮಾರು 200 ಕಿಲೋಮೀಟರ್. ಭೂವಿಜ್ಞಾನಿಗಳಿಗೆ ಇದು ಧರ್ಮಪುರಿ ಬಿರುಕು ವಲಯ. ಜೆ. ಸಿ. ಗ್ರೇಡಿ 1971ರಲ್ಲಿ ದಕ್ಷಿಣ ಭಾರತದ ಆಳವಾದ ಸ್ತರಭಂಗಗಳನ್ನು ಗುರುತಿಸಿದಾಗ ಈ ಜಾಡು ಸ್ಪಷ್ಟವಾಯಿತು. ಈ ಜಾಡಿನ ಮೇಲೆ ಮಣಿ ಪೋಣಿಸಿದಂತೆ ಕಾರ್ಬೊನಟೈಟ್ ಮತ್ತು ಅದರ ಸಂಗಾತಿ ಕಲ್ಲಾದ ಸೈನೈಟ್ ಸಿಗುತ್ತವೆ: ಸೇಲಂ ಜಿಲ್ಲೆಯ ಪಕ್ಕನಾಡು, ಮೂಲಕ್ಕಾಡು, ಮೊದಲು ಧರ್ಮಪುರಿಗೆ ಸೇರಿದ್ದು ಈಗ ಕೃಷ್ಣಗಿರಿ ಜಿಲ್ಲೆಯಲ್ಲಿರುವ ಸಾಮಲ್‌ಪಟ್ಟಿ, ಇನ್ನೂ ಮೇಲೆ ತಿರುಪತ್ತೂರಿನ ಸೇವತ್ತೂರು, ಏಲಗಿರಿ. ಇವೆಲ್ಲ ಹೆಚ್ಚುಕಡಿಮೆ ಒಂದೇ ಕಾಲದವು, 75ರಿಂದ 80 ಕೋಟಿ ವರ್ಷ ಹಳೆಯವು.

ಹೊಗೇನಕಲ್ಲಿನದು ಈ ಮನೆತನದ ಮುತ್ತಜ್ಜ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅನಿಲ್ ಕುಮಾರ್, ಕೆ. ಗೋಪಾಲನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸೇವತ್ತೂರಿನ ವಯಸ್ಸು ಸುಮಾರು 77 ಕೋಟಿ ವರ್ಷ, ಹೊಗೇನಕಲ್ಲಿನದು ಸುಮಾರು 240 ಕೋಟಿ. ಜಗತ್ತಿನ ಅತಿ ಹಳೆಯ ಕಾರ್ಬೊನಟೈಟುಗಳ ಸಾಲಿನಲ್ಲಿ ಅದಕ್ಕೆ ಜಾಗವಿದೆ. ಅದು ಹುಟ್ಟಿದಾಗ ಭೂಮಿಯ ಗಾಳಿಗೆ ಆಮ್ಲಜನಕ ಆಗಷ್ಟೇ ಸೇರತೊಡಗಿತ್ತು. ಚಿಪ್ಪು ಕಟ್ಟುವ ಪ್ರಾಣಿ ಹುಟ್ಟಲು ಇನ್ನೂ ಸುಮಾರು 185 ಕೋಟಿ ವರ್ಷ ಬಾಕಿಯಿತ್ತು. ಅಂಬಿಗನ ಕಣ್ಣಿಗೆ ಸುಣ್ಣಕಲ್ಲಾಗಿ ಕಂಡದ್ದು ಕಪ್ಪೆಚಿಪ್ಪಿಗಿಂತ ಅಷ್ಟು ಹಿರಿಯ.

ಆ ಕಲ್ಲು ಆಳದಿಂದ ಬಂದದ್ದೇ, ಯಾವುದೋ ಹಳೆಯ ಸಮುದ್ರದ ಕೆಸರಲ್ಲ ಎನ್ನಲು ಸಾಕ್ಷಿ? ಸಾಕ್ಷಿ ಹೇಳುವುದು ಸ್ಟ್ರಾನ್ಷಿಯಂ. ಕ್ಯಾಲ್ಸಿಯಂ ಇರುವಲ್ಲೆಲ್ಲ ಈ ಧಾತು ಅಷ್ಟಿಷ್ಟು ನುಸುಳಿಕೊಳ್ಳುತ್ತದೆ. ಅದರ ಬಗೆಗಳಲ್ಲಿ 86 ಮತ್ತು 87 ಎಂಬ ತೂಕದ ಎರಡು ಇಲ್ಲಿ ಮುಖ್ಯ. 86 ಇದ್ದಷ್ಟೇ ಇರುತ್ತದೆ. 87 ಮಾತ್ರ ರುಬಿಡಿಯಂ ಎಂಬ ಇನ್ನೊಂದು ಧಾತು ನಿಧಾನವಾಗಿ ಕ್ಷಯಿಸಿದಂತೆ ಹೆಚ್ಚುತ್ತ ಹೋಗುತ್ತದೆ. ಭೂಮಿಯ ಹೊರ ತೊಗಟೆಯಲ್ಲಿ ರುಬಿಡಿಯಂ ಧಾರಾಳ, ಕೆಳಗಿನ ಮ್ಯಾಂಟಲ್ ಪದರದಲ್ಲಿ ಬಲು ಕಡಿಮೆ. ಹೀಗಾಗಿ ಮ್ಯಾಂಟಲಿನಿಂದ ನೇರವಾಗಿ ಬಂದ ಇಂದಿನ ಲಾವಾದಲ್ಲಿ 87ಕ್ಕೂ 86ಕ್ಕೂ ಇರುವ ಅನುಪಾತ 0.703ರ ಆಸುಪಾಸು, ತೊಗಟೆಯನ್ನು ತೊಳೆದ ನೀರು ಸೇರುವ ಸಮುದ್ರದಲ್ಲಿ, ಅಲ್ಲಿನ ಚಿಪ್ಪುಗಳಲ್ಲಿ, 0.709. ದಶಮಾಂಶದ ಮೂರನೆಯ ಮನೆಯ ಈ ವ್ಯತ್ಯಾಸವೇ ಕಲ್ಲಿನ ಹುಟ್ಟೂರಿನ ಗುರುತು. ಹೊಗೇನಕಲ್, ಸೇವತ್ತೂರುಗಳ ಗುರುತು ಮ್ಯಾಂಟಲಿನದು.

ಮ್ಯಾಂಟಲಿನ ಬಂಡೆಯೆಲ್ಲ ಕರಗಿ ಇದು ಬರುವುದಿಲ್ಲ. ನೂರಕ್ಕೂ ಹೆಚ್ಚು ಕಿಲೋಮೀಟರ್ ಆಳದಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಂಡ ಬಂಡೆಯಿಂದ, ಹಿಂಡಿದಾಗ ಜಿನುಗುವ ಮೊದಲ ಹನಿಯಂತೆ, ತೀರ ಕೊಂಚ ಪಾಕ ಹೊರಡುತ್ತದೆ. ತುಂಬಿದ ಬಸ್ಸಿನಲ್ಲಿ ಸೀಟು ಸಿಗದೆ ಬಾಗಿಲಲ್ಲಿ ನಿಂತವರೇ ಮೊದಲು ಇಳಿಯುವುದು. ಹಾಗೆಯೇ ಬಂಡೆಯ ಹರಳುಗಳಲ್ಲಿ ಜಾಗ ಸಿಗದ ಧಾತುಗಳು ಆ ಮೊದಲ ಹನಿಯ ಜೊತೆ ಹೊರಬೀಳುತ್ತವೆ: ನಿಯೋಬಿಯಂ, ಬೇರಿಯಂ, ರಂಜಕ, ವಿರಳ ಭಸ್ಮ ಧಾತುಗಳು. ಚೀನಾದ ಬಯಾನ್ ಓಬೊ, ಕ್ಯಾಲಿಫೋರ್ನಿಯದ ಮೌಂಟನ್ ಪಾಸ್, ಈ ಎರಡು ಹೆಸರಾಂತ ವಿರಳ ಭಸ್ಮ ಗಣಿಗಳಿಗೂ ಕಾರ್ಬೊನಟೈಟಿನ ನಂಟಿದೆ. ಸೇವತ್ತೂರಿನಲ್ಲಿ ನಿಯೋಬಿಯಂ ಇರುವ ಪೈರೋಕ್ಲೋರ್ ಸಿಕ್ಕಿತು, ಅಲ್ಲಿ ವರ್ಮಿಕ್ಯುಲೈಟ್ ಗಣಿಯೂ ಇದೆ. ನರ್ಸರಿಯಲ್ಲಿ ಹೂಕುಂಡಕ್ಕೆಂದು ಕೊಳ್ಳುವ, ಅವಲಕ್ಕಿಯಂತೆ ಹಗುರವಾದ ಹೊಂಬಣ್ಣದ ಚೂರು ಅದೇ ಖನಿಜ, ಕಾಯಿಸಿ ಅರಳಿಸಿದ್ದು.

ಹಾಗಾದರೆ ಮೇಲಿದ್ದ ಬೆಟ್ಟ ಎಲ್ಲಿ? ಮಳೆ, ಗಾಳಿ, ಹೊಳೆ ತಿಂದು ಹಾಕಿದವು. ಹತ್ತು ಲಕ್ಷ ವರ್ಷಕ್ಕೆ ಹತ್ತೇ ಮೀಟರ್ ನೆಲ ಸವೆಯುತ್ತದೆ ಎಂದುಕೊಳ್ಳಿ. ಅದು ನೂರು ವರ್ಷಕ್ಕೆ ಒಂದು ಮಿಲಿಮೀಟರ್, ಮೂರು ತಲೆಮಾರು ಕಳೆದರೂ ಗಮನಕ್ಕೆ ಬಾರದು. 77 ಕೋಟಿ ವರ್ಷಕ್ಕೆ ಮಾತ್ರ ಅದು 7.7 ಕಿಲೋಮೀಟರ್, ಲೆಂಗಾಯ್‌ನಂಥ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಸವೆದು ಮುಗಿಯುವಷ್ಟು. ಹೊಗೇನಕಲ್ಲಿನ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಕಾರ್ಬೊನಟೈಟ್ ನುಗ್ಗಿರುವುದು ಚಾರ್ನಕೈಟಿನ ನಡುವೆ. ಯೇರ್ಕಾಡಿನ ಶೆವರಾಯ್ ಬೆಟ್ಟವನ್ನೂ ಕಟ್ಟಿರುವ ಈ ಕಲ್ಲು ಪಕ್ವವಾದದ್ದು 20 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ. ಯೇರ್ಕಾಡಿನ ಇಪ್ಪತ್ತು ಹಿಮ್ಮುರಿ ತಿರುವು ಹತ್ತಿ ಶೇರ್ವರಾಯನ್ ಗುಡಿಯ ಬಳಿ 1,623 ಮೀಟರ್ ಎತ್ತರದಲ್ಲಿ ನಿಂತು ತಂಪು ಗಾಳಿ ಕುಡಿಯುವವರು ನಿಂತಿರುವುದು ಒಂದು ಕಾಲದ ನೆಲಮಾಳಿಗೆಯ ಮೇಲೆ.

ಲೆಂಗಾಯ್ ಏರಿದವರಿಗೆ ಬಾಯಿ ಕಾಣುತ್ತದೆ, ಗಂಟಲು ಕಾಣುವುದಿಲ್ಲ. ಧರ್ಮಪುರಿಯಲ್ಲಿ ಗಂಟಲು ಬೇರುಸಹಿತ ಬಯಲಾಗಿದೆ, ಬಾಯಿ ಎಂದೋ ಹೋಯಿತು. ಒಂದು ಇನ್ನೊಂದರ ಟಿಪ್ಪಣಿ. ಡಾಸನ್ ಆ ತುದಿಯಲ್ಲಿ ಕಂಡು ಹೇಳಿದ ಮೇಲೆ ಸುಣ್ಣದಂಥ ಕಲ್ಲನ್ನು ಅನುಮಾನದಿಂದ ನೋಡುವ ಅಭ್ಯಾಸ ಎಲ್ಲ ಕಡೆ ಬೆಳೆಯಿತು. ಭಾರತದಲ್ಲಿ ಮೊದಲು ಗುಜರಾತಿನ ಅಂಬಾಡೊಂಗರ್ ಬೆಳಕಿಗೆ ಬಂತು, 1963ರಲ್ಲಿ. 1960ರ ದಶಕ ಮುಗಿಯುವ ಹೊತ್ತಿಗೆ ಸೇವತ್ತೂರಿನ ಹೆಸರೂ ವಿಜ್ಞಾನ ಪತ್ರಿಕೆಗಳಲ್ಲಿತ್ತು. ಒಂದು ವ್ಯತ್ಯಾಸ ಮಾತ್ರ ಉಂಟು. ಲೆಂಗಾಯ್ ಉಗುಳುವುದು ಸೋಡಿಯಂ, ಇಲ್ಲಿರುವುದು ಕ್ಯಾಲ್ಸಿಯಂ. ಸೋಡಾ ನಾಲ್ಕು ಮಳೆಗೆ ಕರಗಿ ನೇಟ್ರಾನ್ ಸರೋವರ ಸೇರುತ್ತದೆ, ಕೋಟಿ ವರ್ಷ ಉಳಿಯುವ ತಾಕತ್ತು ಅದಕ್ಕಿಲ್ಲ.

ಚಾಕ್ ಅಲ್ಲದ ಚಾಕ್

ಈ ಸೀಮೆಯ ಕಲ್ಲುಗಳು ಹೆಸರಿನಲ್ಲಿ ಮೋಸ ಮಾಡುವುದು ಹೊಗೇನಕಲ್ಲಿಗೇ ಮುಗಿಯುವುದಿಲ್ಲ. ಧರ್ಮಪುರಿಯಿಂದ ತೊಪ್ಪೂರು ಘಾಟಿ ಇಳಿದು ಓಮಲೂರು ದಾಟಿ ಸೇಲಂ ಸಮೀಪಿಸಿದರೆ ಬಿಳಿ ಮಚ್ಚೆಯ ಬೋಳುಗುಡ್ಡಗಳು ಸಿಗುತ್ತವೆ. ಇಂಗ್ಲಿಷರು ದೂರದಿಂದ ನೋಡಿ ಚಾಕ್ ಹಿಲ್ಸ್ ಎಂದರು. ಅಲ್ಲಿ ಚಾಕ್ ಇಲ್ಲ. ಇರುವುದು ಮ್ಯಾಗ್ನೆಸೈಟ್. ಕೆಳಗಿನ ಡ್ಯೂನೈಟ್ ಎಂಬ ಕಲ್ಲು ಮ್ಯಾಂಟಲಿನ ಜಾತಿಯದು, ಮೆಗ್ನೀಸಿಯಂ ತುಂಬಿದ ಹಸಿರು ಹರಳಿನದು. ಅದರ ಬಿರುಕುಗಳಲ್ಲಿ ನೀರೂ ಇಂಗಾಲದ ಡೈಆಕ್ಸೈಡೂ ಓಡಾಡಿ ಹರಳನ್ನು ತಿಂದು, ಬಿಳಿ ನರಗಳ ಬಲೆ ನೇಯ್ದಿವೆ. ಆ ಬಿಳಿಯನ್ನು ಅಗೆದು ಸುಟ್ಟರೆ ಸಿಗುವ ಮೆಗ್ನೀಸಿಯಂ ಆಕ್ಸೈಡ್ 2,800 ಡಿಗ್ರಿಗೂ ಬಗ್ಗದು. ಉಕ್ಕಿನ ಕುಲುಮೆಗಳ ಒಳಗೋಡೆಗೆ ಅದರದೇ ಇಟ್ಟಿಗೆ.

ಅಲ್ಲೂ ಅದೇ ಅನಿಲ. ಲೆಂಗಾಯ್ ತುದಿಯಲ್ಲಿ ಹೊರಬೀಳುವುದು, ನ್ಯೋಸ್‌ನಲ್ಲಿ ಕೊಂದದ್ದು, ಮ್ಯಾಂಟಲಿನ ಬಂಡೆಯನ್ನು ಸುಲಭಕ್ಕೆ ಕರಗಿಸುವುದು, ಸೇಲಂನಲ್ಲಿ ಕಲ್ಲಾಗಿ ಕೂತದ್ದು, ಗೂಡಿನ ಸುಣ್ಣದಿಂದ ಹಾರಿಹೋಗುವುದು. ಜ್ವಾಲಾಮುಖಿ ಎಂದರೆ ನಮ್ಮ ಮನಸ್ಸಿಗೆ ಬೆಂಕಿ ಬರುತ್ತದೆ. ಬೆಟ್ಟವನ್ನು ಉಬ್ಬಿಸುವುದು, ಪಾಕವನ್ನು ತಳ್ಳುವುದು, ಬಾಯಿ ಬಿರಿಸುವುದು ಒಳಗೆ ಸಿಕ್ಕಿಕೊಂಡ ಉಸಿರು.

ಹರಿಗೋಲಿನಿಂದ ಇಳಿದು ಮೀನಿನ ಅಂಗಡಿಯ ಮುಂದೆ ಕೂತೆವು. ಮಸಾಲೆ ಹಚ್ಚಿ ಕಾದ ಕಾವಲಿಯ ಮೇಲೆ ಹುರಿದ ಕಾವೇರಿ ಮೀನು, ಪಕ್ಕದಲ್ಲಿ ನಿಂಬೆ ಹೋಳು. ಅಂಬಿಗನೂ ಒಂದು ತಟ್ಟೆ ಹಿಡಿದು ಎದುರಿಗೆ ಕೂತ. ಗೆಳೆಯ ಪೊಟ್ಟಣ ಬಿಚ್ಚಿ ಕಲ್ಲಿನ ಒಂದು ಮೂಲೆಯನ್ನು ಚಾಕುವಿನಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆ ಹಿಂಡಿದ. ಸೇಲಂನ ಮ್ಯಾಗ್ನೆಸೈಟಾಗಿದ್ದರೆ ಅದು ಸುಮ್ಮನೆ ಇರುತ್ತಿತ್ತಂತೆ. ಇದು ಸಣ್ಣಗೆ ನೊರೆಯಿತು. ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಎದ್ದು ಒಡೆದವು.

'ಸುಣ್ಣಕಲ್ಲೂ ಹೀಗೇ ನೊರೆಯುತ್ತೆ, ಇದರಿಂದ ಏನೂ ಸಾಬೀತಾಗಲ್ಲ,' ಎಂದ ಗೆಳೆಯ. 'ಸಾಬೀತು ಮಾಡೋದು ಸ್ಟ್ರಾನ್ಷಿಯಂ ಕೆಲಸ. ಇದು ಬರೀ ನೋಡೋಕೆ.'

ಅಂಬಿಗ ಮೀನು ಬಿಟ್ಟು ಬಗ್ಗಿ ನೋಡಿದ. 'ಏನು ಸಾರ್ ಹೋಗ್ತಿರೋದು?'

240 ಕೋಟಿ ವರ್ಷದ ಹಿಂದೆ ತುದಿಯ ಕಡೆ ಹೊರಟು, ದಾರಿಯಲ್ಲೇ ಪಾಕ ತಣಿದು ಕಲ್ಲಿನೊಳಗೆ ಉಳಿದುಬಿಟ್ಟ ಅನಿಲ ಅದು. ಗೆಳೆಯ ಅಷ್ಟೆಲ್ಲ ಹೇಳಲಿಲ್ಲ.

'ಎಲ್ರೂ ಕೇಳ್ತಾರೆ ಅಂದೆಯಲ್ಲ, ಬೆಂಕಿ ಎಲ್ಲಿ ಅಂತ,' ಎಂದ. 'ಇದು ಅದರ ಹೊಗೆ.'